ಎಡಗೊನೆಯ ಅಂಗಾಲು

ಮೊಟ್ಟೆಚೆಂಡಿನ ಪಂದ್ಯಗಳು ಶುರುವಾಗಲು ಹತ್ತು ದಿನ ಇದೆ ಎನ್ನುವಾಗ ನಮ್ಮ ಊರಿನ ತಂಡದ ಕಾರ್ಯದರ್ಶಿ ಅನಂತಯ್ಯ ನನ್ನ ಚಪ್ಪಲಿ ಅಂಗಡಿಯ ಮುಂದೆ ಬಂದು ಕಾಲು ಬದಲಿಸುತ್ತಾ ನಿಲ್ಲುತ್ತಾನೆ. ಹದಿನೇಳು ವರ್ಷದಿಂದ ಇದೇ ಆಯಿತು. ಈ ಸಲ ನನ್ನ ಕೈಲಾಗುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ನಾನು ಹೇಳುವುದೂ ಹದಿನೇಳು ವರ್ಷದಿಂದ ಇದೇ ಆಯಿತು.

“ಬೇರೆ ಯಾರಿದ್ದಾರಕ್ಕಾ?” ಎಂದ. “ಊರಲ್ಲಿ ಅಂಗಾಲು ನೋಡಿ ಹೇಳೋರು ನೀವೊಬ್ರೇ. ಐದು ಜನ, ಹತ್ತು ಕಾಲು, ಒಂದು ಗಂಟೆ ಕೆಲ್ಸ.”

“ಕೆಲ್ಸ ಒಂದು ಗಂಟೆ. ಆಮೇಲೆ ವರ್ಷವೆಲ್ಲ ಬೈಸ್ಕೊಳ್ಳೋಳು ಯಾರು?”

“ಈ ಸಲ ಯಾರೂ ಬೈಯಲ್ಲ. ಸಾಲು ಭರ್ಜರಿಯಾಗಿದೆ. ನೀವು ಸುಮ್ನೆ ‘ಭರ್ಜರಿ’ ಅಂತ ಬರೆದ್ರಾಯ್ತು.”

“ಅಷ್ಟು ಗೊತ್ತಿದ್ರೆ ನೀನೇ ಬರ್ಕೊ.”

“ನಾನು ಬರೆದ್ರೆ ಯಾರು ನಂಬ್ತಾರೆ?” ಎಂದು ನಿಜವಾಗಿಯೂ ಬೇಜಾರಿನಿಂದ ಕೇಳಿದ.

ಮೊಟ್ಟೆಚೆಂಡೆಂದರೆ ರೇಡಿಯೊದವರು ಅಮೆರಿಕನ್ ಫುಟ್‌ಬಾಲ್ ಎನ್ನುವ ಆಟ. ಚೆಂಡು ಕೋಳಿಮೊಟ್ಟೆಯ ಆಕಾರದಲ್ಲಿರುತ್ತದೆ, ಕಾಲಿನಲ್ಲಿ ಒದೆಯುವುದು ಅಪರೂಪ. ಒಬ್ಬ ಚೆಂಡು ಹಿಡಿದು, ದೂರದಲ್ಲಿ ಓಡುವ ತನ್ನವನಿಗೆ ಎಸೆಯಬೇಕು. ಅವನು ಎಸೆಯುವ ಮೊದಲೇ ಎದುರಿನವರು ಅವನನ್ನು ಕೆಡವಬೇಕು. ಅವನ ಮುಂದೆ ಗೋಡೆಯ ಹಾಗೆ ಐದು ಜನ ನಿಲ್ಲುತ್ತಾರೆ. ಆ ಐವರು ಚೆಂಡು ಮುಟ್ಟುವುದಿಲ್ಲ, ಓಡುವುದಿಲ್ಲ, ಅವರಿಗೆ ಯಾರೂ ಚಪ್ಪಾಳೆ ಹೊಡೆಯುವುದೂ ಇಲ್ಲ. ಎದುರಿನವರನ್ನು ತಡೆದು ನಿಲ್ಲುವುದಷ್ಟೇ ಅವರ ಕೆಲಸ. ಅದಕ್ಕೇ ತಂಡದವರು ಅವರಿಗೆ ಸಂಬಳ ಕೊಡುತ್ತಾರೆ.

ನಿಲ್ಲುವುದೆಂದರೆ ನಮ್ಮೂರಿನಲ್ಲಿ ಸಣ್ಣ ಮಾತಲ್ಲ. ಇನ್ನೂರು ಎಣಿಸುವಷ್ಟು ಹೊತ್ತು ಒಂದೇ ಕಡೆ ನಿಂತರೆ ಯಾರಿಗಾದರೂ ಅಂಗಾಲಿನಿಂದ ಬೇರು ಇಳಿಯುತ್ತದೆ. ಮಣ್ಣು, ಸಿಮೆಂಟು, ಮರದ ಹಲಗೆ ಎಂಬ ಭೇದವಿಲ್ಲ, ಚಪ್ಪಲಿಯನ್ನೂ ತೂರಿಕೊಂಡು ಹೋಗುತ್ತದೆ. ನನ್ನ ವ್ಯಾಪಾರ ನಡೆಯುವುದೇ ಅದರಿಂದ. ಹಾಗಾಗಿ ನಮ್ಮ ಜನ ನಿಂತಲ್ಲೇ ಕಾಲು ಬದಲಿಸುತ್ತಿರುತ್ತಾರೆ. ಸೀಮೆಎಣ್ಣೆಯ ಸಾಲನ್ನು ದೂರದಿಂದ ನೋಡಿದರೆ ಯಾವುದೋ ಮದುವೆಯ ದಿಬ್ಬಣ ಎನ್ನಬೇಕು. ಗಂಡ ಹೆಂಡತಿ ಬೀದಿಯಲ್ಲಿ ಜಗಳಕ್ಕೆ ನಿಂತರೆ ಮಾತಿನ ಮಧ್ಯೆ ಒಬ್ಬರಿಗೊಬ್ಬರು “ಕಾಲು, ಕಾಲು” ಎಂದು ನೆನಪಿಸುತ್ತಾರೆ. ಒಬ್ಬಿಬ್ಬರಿಗೆ ಮಾತ್ರ ಎಂಟು ಎಣಿಸುವುದರೊಳಗೆ ಬೇರು ಬಿಡುತ್ತದೆ. ಮೊಟ್ಟೆಚೆಂಡಿನ ಸಾಲಿಗೆ ಅಂಥವರೇ ಬೇಕು. ಎಂಟಕ್ಕೆ ಬಿಡಬೇಕು, ಚೆಂಡು ಕೈಬಿಟ್ಟ ಕೂಡಲೇ ಕಿತ್ತುಕೊಂಡು ಮುಂದಿನ ಜಾಗಕ್ಕೆ ಹೋಗಬೇಕು. ಪರವೂರಿನ ನೆಲದಲ್ಲಿ ನಮ್ಮ ಬೇರು ಇಳಿಯುವುದಿಲ್ಲ. ಅದಕ್ಕೇ ಹೊರಗೆ ಹೋಗಿ ನಾವು ಇವತ್ತಿನ ತನಕ ಒಂದು ಪಂದ್ಯವನ್ನೂ ಗೆದ್ದಿಲ್ಲ. ಗೆಲ್ಲುವುದೇನಿದ್ದರೂ ಮನೆಯಲ್ಲಿ.

ದಾಕ್ಷಾಯಿಣಿ ಎಂಬ ನನ್ನ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ, ಊರಿಗೆಲ್ಲ ನಾನು ಅಂಗಾಲಕ್ಕ. ಈ ವಿದ್ಯೆ ನನಗೆ ಯಾರೂ ಕಲಿಸಲಿಲ್ಲ. ನಲವತ್ತು ವರ್ಷ ಹರಿದ ಚಪ್ಪಲಿಯ ಅಟ್ಟೆ ನೋಡಿದರೆ ಯಾರ ಬೇರು ಎಲ್ಲಿ ಇಳಿಯುತ್ತದೆಂದು ತಾನಾಗಿಯೇ ತಿಳಿಯುತ್ತದೆ. ನಾನು ಹೆಬ್ಬೆಟ್ಟು ಒತ್ತಿದ ವರದಿಯನ್ನು ತಂಡದ ಕಚೇರಿಯ ಬಾಗಿಲಿಗೆ ಅಂಟಿಸದೆ ಸಾಲಿನ ಒಬ್ಬನೂ ಮೈದಾನಕ್ಕೆ ಇಳಿಯುವಂತಿಲ್ಲ. ಬರೆಯಲು ಬರುತ್ತದಲ್ಲ, ಹೆಬ್ಬೆಟ್ಟು ಯಾಕೆ ಎಂದು ಒಮ್ಮೆ ಕೇಳಿದ್ದೆ. “ರುಜು ಯಾರು ಬೇಕಾದ್ರೂ ಹಾಕ್ತಾರಕ್ಕಾ” ಎಂದಿದ್ದ ಅನಂತಯ್ಯ.

ಬುಧವಾರ ಬೆಳಿಗ್ಗೆ ಮೈದಾನಕ್ಕೆ ನೀರು ಚಿಮುಕಿಸಿ ಐವರನ್ನೂ ಬರಿಗಾಲಿನಲ್ಲಿ ನಿಲ್ಲಿಸಿದರು. ನಾನು ಮಣೆಯ ಮೇಲೆ ಕೂತು ಎಣಿಸಲು ಶುರುಮಾಡಿದೆ. ಮೊದಲು ನಡುವಿನವನು, ಸಿದ್ದಲಿಂಗು. ಕಾಲ ಸಂದಿಯಿಂದ ಹಿಂದಕ್ಕೆ ಚೆಂಡು ಕೊಡುವವನು. ಅವನ ಬಲಗಾಲು ಸರಿಯಾಗಿ ಎಂಟಕ್ಕೆ ಬೇರು ಬಿಟ್ಟಿತು, ಎಡಗಾಲು ಹನ್ನೊಂದಾದರೂ ಬಿಡಲಿಲ್ಲ.

“ಇದೇನೋ ಇದು?”

“ಎಡಗಾಲು ಸ್ವಲ್ಪ ಯೋಚನೆ ಮಾಡ್ತದಕ್ಕಾ.”

“ಅದು ಯೋಚನೆ ಮಾಡಿ ಮುಗಿಸೋ ಹೊತ್ತಿಗೆ ಎದುರಿನವರು ಊಟ ಮಾಡ್ಕೊಂಡು ಬರ್ತಾರೆ.”

ಅವನ ಎರಡು ಪಕ್ಕಕ್ಕೆ ಮುದ್ದಯ್ಯ, ಮಾದಯ್ಯ, ಅಣ್ಣತಮ್ಮಂದಿರು. ಬೇರು ಬಂಗಾರದಂಥದ್ದೇ. ಆದರೆ ಯುಗಾದಿಯಲ್ಲಿ ಒಂದು ರುಬ್ಬುವ ಕಲ್ಲಿನ ವಿಷಯಕ್ಕೆ ಮಾತು ಬಿಟ್ಟವರು ಒಬ್ಬರ ಮುಖ ಒಬ್ಬರು ನೋಡಬಾರದೆಂದು ಆ ಕಡೆ ಈ ಕಡೆ ತಿರುಗಿ ನಿಂತಿದ್ದರು, ಬೇರೂ ಹಾಗೇ ತಿರುಗಿ ಇಳಿದಿತ್ತು. ಇಬ್ಬರ ನಡುವೆ ಸಿದ್ದಲಿಂಗುವನ್ನೂ ಸೇರಿಸಿಕೊಂಡು ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ. “ನಿಮ್ಮಣ್ಣನಿಗೆ ಹೇಳು, ಇತ್ತ ತಿರುಗು ಅಂತ” ಎಂದರೆ ಮಾದಯ್ಯ ಸಿದ್ದಲಿಂಗುವಿಗೆ ಹೇಳಿದ, ಸಿದ್ದಲಿಂಗು ಮುದ್ದಯ್ಯನಿಗೆ ಹೇಳಿದ. ಬಲಗೊನೆಯಲ್ಲಿ, ಅಂದರೆ ಸಾಲಿನ ಬಲತುದಿಯಲ್ಲಿ, ಬೇಕರಿಯ ಪಾವ್ಲು. ಮೂಲಂಗಿಯಂಥ ದಪ್ಪ ಬೇರು, ನಕ್ಕರೆ ಲಟಕ್ಕನೆ ಮುರಿಯುತ್ತದೆ. ಅಣ್ಣತಮ್ಮಂದಿರನ್ನು ನೋಡಿ ಅವನು ಆಗಲೇ ನಗುತ್ತಿದ್ದ. ಇದು ಅನಂತಯ್ಯನ ಭರ್ಜರಿ ಸಾಲು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಕೊನೆಗೆ ಎಡಗೊನೆಯ ಗವಿಯಪ್ಪ. ಚೆಂಡು ಎಸೆಯುವವನು ಬಲಗೈಯವನಾದರೆ ಎಸೆಯುವಾಗ ಮೈ ಬಲಕ್ಕೆ ತಿರುಗಿರುತ್ತದೆ, ಎಡಬೆನ್ನಿನ ಹಿಂದೆ ಏನು ಬರುತ್ತಿದೆಯೆಂದು ಅವನಿಗೆ ಕಾಣುವುದಿಲ್ಲ. ಅವನ ಬೆನ್ನಿಗೆ ಕಣ್ಣಾಗಿ ಇರುವವನೇ ಎಡಗೊನೆಯವನು. ಗವಿಯಪ್ಪ ಹನ್ನೆರಡು ವರ್ಷದಿಂದ ಅಲ್ಲಿ ನಿಂತಿದ್ದಾನೆ. ನಲವತ್ತು ದಾಟಿದೆ, ಕುತ್ತಿಗೆ ಇನ್ನೂ ಒರಳಿನಂತಿದೆ. ಎಂಟು ಎಣಿಸಿ “ಎತ್ತು” ಎಂದೆ. ಹಳೆಯ ಹತ್ತಿಸೀರೆ ಹರಿದ ಹಾಗೆ ಚರ್ರೆಂದು ಸದ್ದು ಬಂತು. ಒಳ್ಳೆಯ ಬೇರಿನ ಸದ್ದು ಹಾಗೇ ಇರುತ್ತದೆ. ನಾನು ಪುಸ್ತಕ ತೆರೆದೆ. ಅಷ್ಟರಲ್ಲಿ ಒಂದು ವಾಸನೆ ಬಂತು.

ಬೇರು ಕಿತ್ತಾಗ ಹಸಿ ಆಲೂಗಡ್ಡೆಯ ವಾಸನೆ ಬರಬೇಕು. ಇದು ಲಾವಂಚದ ಘಮ, ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಹಾಕುತ್ತೇವಲ್ಲ, ಅದು. ಗವಿಯಪ್ಪನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ನೋಡಿದೆ. ಅಂಗಾಲಿನ ತುಂಬ ಲಾವಂಚದ ಬೇರನ್ನು ಹಲಸಿನ ಮೇಣದಲ್ಲಿ ಒಪ್ಪವಾಗಿ ಅಂಟಿಸಿದ್ದ, ಒದ್ದೆ ಮಣ್ಣಿನಿಂದ ಏಳುವಾಗ ಚರ್ರೆಂದದ್ದು ಅದೇ. ತಲೆ ಎತ್ತಿದೆ.

“ಇವನಿಗೆ ಅಂಗಾಲಲ್ಲಿ ಆಣಿ ಆಗಿದೆ” ಎಂದು ನಾನು ಜೋರಾಗಿ ಹೇಳಿದೆ. “ಬಿಸಿನೀರಲ್ಲಿ ನೆನೆಸದೆ ನೋಡೋಕಾಗಲ್ಲ. ಮಧ್ಯಾಹ್ನ ಅಂಗಡಿಗೆ ಬಾ.”

ಬಂದ. ಬಂದವನು ಬಾಗಿಲಲ್ಲೇ ನಿಂತು ಅಭ್ಯಾಸದಂತೆ ಎಡಗಾಲು ಬಲಗಾಲು ಬದಲಿಸತೊಡಗಿದ.

“ಯಾರಿಗೆ ತೋರ್ಸಕ್ಕೆ ಕುಣೀತಿದ್ದೀಯ? ಇಲ್ಲಿ ನಾನೊಬ್ಬಳೇ ಇರೋದು” ಎಂದೆ.

ಕುಣಿತ ನಿಂತಿತು. “ಬೇರು ನಿಂತ್ಹೋಯ್ತಕ್ಕಾ” ಎಂದ. “ಎಂಟಕ್ಕೂ ಇಲ್ಲ, ಇನ್ನೂರಕ್ಕೂ ಇಲ್ಲ. ದನದ ಕೊಟ್ಟಿಗೇಲಿ ಗೊಬ್ಬರದೊಳಗೆ ಮೊಣಕಾಲಿನ ತನಕ ನಿಂತು ನೋಡ್ದೆ. ಸಾವಿರ ಎಣಿಸ್ದೆ. ಹಸು ನೋಡಿ ನಗ್ತಿತ್ತು.”

“ಕೆಲವ್ರಿಗೆ ವಯಸ್ಸಾದ್ಮೇಲೆ ಹಂಗಾಗತ್ತೆ. ಕೂದ್ಲು ಉದುರಲ್ವಾ, ಅದ್ರಂಗೆ.”

“ಕೂದ್ಲು ಉದುರಿದ್ರೆ ಟೋಪಿ ಹಾಕ್ತಾರೆ. ಇದಕ್ಕೇನು ಹಾಕ್ಲಿ? ಸಾಲಲ್ಲಿ ನಿಂತಾಗ ನಾನೊಬ್ನೇ ಕಾಲು ಕದಲಿಸ್ದಿದ್ರೆ ಜನ ಹೆಂಗೆ ನೋಡ್ತಾರೆ ಗೊತ್ತಾ? ಅದಕ್ಕೇ ಸುಮ್ಸುಮ್ನೆ ಕದಲಿಸ್ತಿರ್ತೀನಿ. ಮನೇಲಿ ಹೆಂಡ್ತಿಗೂ ಹೇಳಿಲ್ಲ.”

“ಯಾವಾಗ್ಲಿಂದ?”

ಉತ್ತರ ಏನೆಂದು ನನಗೆ ಆಗಲೇ ಗೊತ್ತಾಗಿತ್ತು. ಹೋದ ವರ್ಷದ ಕೊನೆಯ ಪಂದ್ಯದಲ್ಲಿ ನಮ್ಮ ಚೆಂಡೆಸೆಯುವ ಹುಡುಗ ಮೆಹಬೂಬ ಕೈ ಎತ್ತಿದ್ದಾಗ ಎಡಗಡೆಯಿಂದ ಒಬ್ಬ ನುಗ್ಗಿ ಬಂದು ಅವನ ಮೇಲೆ ಬಿದ್ದ. ಭುಜದ ಮೂಳೆ ಮೂರು ಕಡೆ ಮುರಿಯಿತು. ನೆಲ ಕೆಸರಾಗಿತ್ತು, ಗವಿಯಪ್ಪನಂಥವನ ಬೇರು ಕೂಡ ಜಾರಿತು ಎಂದು ಊರೆಲ್ಲ ಅಂದುಕೊಂಡಿತು. ಮೆಹಬೂಬನಂತೂ ನಾನೇ ಚೆಂಡನ್ನು ಜಾಸ್ತಿ ಹೊತ್ತು ಹಿಡಿದುಕೊಂಡಿದ್ದೆ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

“ಆ ಪಂದ್ಯಕ್ಕೆ ಮುಂಚೇನೇ ನಿಂತಿತ್ತು” ಎಂದ ಗವಿಯಪ್ಪ. “ಆ ವರ್ಷವೆಲ್ಲಾ ಬರೀ ಮೈಯಲ್ಲೇ ತಡೆದೆ ಅಕ್ಕಾ. ಎಲ್ಲಾ ಪಂದ್ಯದಲ್ಲೂ ತಡೆದೆ. ಅವತ್ತೊಂದಿನ ಆಗ್ಲಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಬೈಯಲು ಹೊರಟಾಗಲೇ ಲೆಕ್ಕ ಹೊಳೆಯಿತು. ಆ ವರ್ಷವೆಲ್ಲ ಎಂದರೆ, ಹೋದ ವರ್ಷ ನಾನು ಅಂಗಾಲು ನೋಡಿದ ದಿನವೂ ಅವನಿಗೆ ಬೇರಿರಲಿಲ್ಲ. ಅವತ್ತೂ ಅಣ್ಣತಮ್ಮಂದಿರ ಇನ್ಯಾವುದೋ ರಗಳೆಯಲ್ಲೇ ನನಗೆ ಸುಸ್ತಾಗಿತ್ತು, ಯಾರೋ ಚಹಾ ತಂದಿದ್ದರು, ಗವಿಯಪ್ಪನಲ್ಲವೇ ಎಂದುಕೊಂಡು ಅವನ ಕಾಲನ್ನು ಎತ್ತಿಯೂ ನೋಡದೆ “ಎಡಗೊನೆ, ಕಣ್ಣುಮುಚ್ಚಿ ನಂಬಬಹುದು” ಎಂದು ಬರೆದು ಹೆಬ್ಬೆಟ್ಟು ಒತ್ತಿದ್ದೆ. ಪುಸ್ತಕದಲ್ಲಿ ಆ ವರದಿಯ ನಕಲಿದ್ದ ಹಳೆಯ ಪುಟವನ್ನು ಅವನ ಮುಂದೆ ತೆರೆದು ಹಿಡಿದೆ.

“ಶುಕ್ರವಾರ ಹನ್ನೆರಡು ಗಂಟೆಗೆ ವರದಿ ಅಂಟಿಸ್ಬೇಕು” ಎಂದೆ. “ಅಷ್ಟರೊಳಗೆ ಮೆಹಬೂಬನಿಗೆ ನೀನೇ ಹೇಳು. ಹೇಳ್ಲಿಲ್ಲ ಅಂದ್ರೆ ಬಾಗಿಲ ಮೇಲೆ ಓದ್ಕೋತಾನೆ.”

“ಏನಂತ ಬರೀತೀಯ?”

“ಇದ್ದದ್ದು.”

“‘ಬೇರಿಲ್ಲ’ ಅಂತ ಈ ಊರಲ್ಲಿ ಯಾರ ಹೆಸರಿನ ಮುಂದೂ ಬರೆದಿಲ್ಲಕ್ಕಾ” ಎಂದು ಅವನು ಹೊರಟುಹೋದ. ಬಾಗಿಲು ದಾಟುವಾಗ ಮತ್ತೆ ಕಾಲು ಕದಲಿಸಿದ, ಎದುರಿಗೆ ಜನ ಇದ್ದರು.

ಗುರುವಾರ ಮೆಹಬೂಬನನ್ನು ನೋಡಲು ಹೋದೆ. ಚೆಂಡಿಲ್ಲದ ದಿನಗಳಲ್ಲಿ ಅವನು ಅಂಗಡಿಗಳಿಗೆ ಬೋರ್ಡು ಬರೆಯುತ್ತಾನೆ. ಈಗ ಕಚೇರಿಯ ದೊಡ್ಡ ಗೋಡೆಯ ಮೇಲೆ ಸಾಲಿನ ಐವರ ಚಿತ್ರ ಬಿಡಿಸುತ್ತಿದ್ದ. ನಾಲ್ಕು ಮುಗಿದಿದ್ದವು. ಪಾವ್ಲು ಗೋಡೆಯ ಮೇಲೂ ನಗುತ್ತಿದ್ದ. ಐದನೆಯದರಲ್ಲಿ ಒರಳಿನಂಥ ಕುತ್ತಿಗೆ ಬಂದಿತ್ತು, ಮುಖ ಇನ್ನೂ ಅರ್ಧ.

“ಭುಜ ಹೆಂಗಿದೆಯೋ?”

“ಕೈ ಕಿವಿಯ ತನಕ ಏಳುತ್ತಕ್ಕಾ, ಎಸೆಯೋಕೆ ಅಷ್ಟು ಸಾಕು. ಡಾಕ್ಟ್ರು ಹೆದರಿಸ್ತಾರೆ, ಇನ್ನೊಂದ್ಸಲ ಅದೇ ಭುಜದ ಮೇಲೆ ಬಿದ್ರೆ ಚೆಂಡೂ ಇಲ್ಲ, ಕುಂಚಾನೂ ಇಲ್ಲ ಅಂತ.” ನಕ್ಕ. “ನಮ್ಮಮ್ಮ ಅದನ್ನ ಕೇಳಿಸ್ಕೊಂಡು ಮೂರು ದಿನ ಊಟ ಬಿಟ್ಳು. ನಾನಂದೆ, ಹುಚ್ಚೀ, ಎಡಗಡೆ ಗವಿಯಣ್ಣ ಇದಾರೆ, ನಾನು ಆ ಕಡೆ ತಿರುಗಿ ನೋಡೋದೂ ಇಲ್ಲ, ನೀನ್ಯಾಕೆ ನೋಡ್ತೀಯ ಅಂತ.”

ನಾನು ಬಾಯಿಬಿಟ್ಟು ಹೇಳಿಬಿಡಬೇಕೆಂದುಕೊಂಡೆ. ಹೇಳಿದರೆ ಗವಿಯಪ್ಪನಿಗೆ ಕೊಟ್ಟ ಮಾತು ಏನಾಗಬೇಕು? ಬಣ್ಣ ಚೆನ್ನಾಗಿದೆ ಎಂದು ಏನೋ ಒದರಿ ಬಂದೆ. ದಾರಿಯಲ್ಲಿ ಅನಂತಯ್ಯ ಅಡ್ಡ ಸಿಕ್ಕಿ, ಎಡಗೊನೆಯ ಬಗ್ಗೆ ಎರಡು ಸಾಲು ಜಾಸ್ತಿ ಬರೆಯಿರಿ, ಗವಿಯಪ್ಪನ ಹೆಸರು ಕೇಳಿದರೆ ಹೊಳೆಯಾಚೆಯ ಊರಿನವರು ಹೆದರುತ್ತಾರೆ ಎಂದ. ಹೋಗಯ್ಯಾ ಆಚೆ ಎಂದೆ. ಅವನು ಅದನ್ನು ಒಪ್ಪಿಗೆ ಎಂದುಕೊಂಡ.

ಶುಕ್ರವಾರ ಹನ್ನೊಂದೂವರೆಗೆ ಕಚೇರಿಯ ಮುಂದೆ ಅರವತ್ತು ಎಪ್ಪತ್ತು ಜನ ಸೇರಿದ್ದರು. ವರದಿ ಓದಿ ಬೈಯಲು ಪ್ರತಿವರ್ಷ ಸೇರುವ ಮಂದಿಯೇ. ಅನಂತಯ್ಯ ಗೋಂದಿನ ಡಬ್ಬಿ ಹಿಡಿದು ಸಿದ್ಧನಾಗಿದ್ದ. ನಾನು ಮೆಟ್ಟಿಲ ಮೇಲೆ ಕೂತಿದ್ದೆ, ನಾಲ್ವರ ಬಗ್ಗೆ ಬರೆದು ಐದನೆಯ ಸಾಲು ಖಾಲಿ ಬಿಟ್ಟಿದ್ದೆ. ಮೆಹಬೂಬ ಅಷ್ಟು ಗದ್ದಲದಲ್ಲೂ ಗೋಡೆಗೆ ಅಂಟಿಕೊಂಡು ಬಣ್ಣ ಬಳಿಯುತ್ತಿದ್ದ. ಆಗ ಜನರನ್ನು ಸರಿಸಿಕೊಂಡು ಗವಿಯಪ್ಪ ಬಂದ. ಬರಿಗಾಲು. ಅಂಗಾಲನ್ನು ಉಜ್ಜಿ ತೊಳೆದು ಬಂದಿದ್ದ, ಮೇಣ ಕಿತ್ತ ಕಡೆಯೆಲ್ಲ ಕೆಂಪಾಗಿತ್ತು.

“ಮೆಹಬೂಬಾ, ಎಣಿಸು” ಎಂದು ಗೋಡೆಯ ಎದುರಿಗೆ ಪಂದ್ಯದಲ್ಲಿ ನಿಲ್ಲುವ ಹಾಗೆ ಮೊಣಕಾಲು ಬಗ್ಗಿಸಿ ನಿಂತ.

“ಓಹೋ, ಗವಿಯಣ್ಣ ಜೋರಾಗವ್ರೆ!” ಎಂದು ಮೆಹಬೂಬ ಕುಂಚವನ್ನು ಮೇಲೆ ಹಿಡಿದು ಎಣಿಸತೊಡಗಿದ. ಜನ ದನಿಗೂಡಿಸಿದರು. ಎಂಟು ಬಂದಾಗ ಹೋ ಎಂದು ಕೂಗಿದರು. “ಎತ್ತಣ್ಣಾ!” ಗವಿಯಪ್ಪ ಎತ್ತಲಿಲ್ಲ. “ಎಣಿಸು” ಎಂದ. ಮೂವತ್ತರ ಹೊತ್ತಿಗೆ ಒಬ್ಬ ತಮಾಷೆ ಮಾಡಿದ, “ಯಾಕಣ್ಣಾ, ಆಲದಮರ ಆಗ್ಬೇಕೂಂತಾ?” ಎಂಬತ್ತರ ಹೊತ್ತಿಗೆ ತಮಾಷೆ ನಿಂತಿತು. ನೂರಾದ ಮೇಲೆ ಎಣಿಸುತ್ತಿದ್ದವನು ಮೆಹಬೂಬ ಒಬ್ಬನೇ, ಅವನ ದನಿಯೂ ಸಣ್ಣದಾಗುತ್ತಾ ಬಂತು. ಇನ್ನೂರು. ಇನ್ನೂರ ಹತ್ತು.

ಗವಿಯಪ್ಪ ಬಲಗಾಲು ಎತ್ತಿದ, ಇಟ್ಟ. ಎಡಗಾಲು ಎತ್ತಿದ, ಇಟ್ಟ. ಒಂದಿಷ್ಟೂ ಸದ್ದಿಲ್ಲ. ಹಿಂದಿನವರಿಗೆ ಕಾಣಲೆಂದು ಅಂಗಾಲನ್ನು ತಿರುಗಿಸಿ ಹಿಡಿದ, ಮಗುವಿನ ಅಂಗಾಲಿನಷ್ಟು ನುಣುಪು. ಏನಾಯಿತೆಂದು ನೋಡಲು ಜನ ಮುಂದಕ್ಕೆ ಹೆಜ್ಜೆ ಎತ್ತಿದರು. ಆಗ ಚರ್ರೆಂದು ಅರವತ್ತು ಎಪ್ಪತ್ತು ಜನರ ಕಾಲಿನಿಂದ ಒಟ್ಟಿಗೆ ಸದ್ದೆದ್ದಿತು. ನೋಡುವ ಗಡಿಬಿಡಿಯಲ್ಲಿ ಕಾಲು ಬದಲಿಸುವುದನ್ನು ಎಲ್ಲರೂ ಮರೆತಿದ್ದರು. ನನ್ನ ಅಂಗಡಿಯ ಎಷ್ಟೋ ಜೊತೆ ಚಪ್ಪಲಿ ಅಲ್ಲೇ ಹರಿದವು.

ಮೆಹಬೂಬ ಮಾತ್ರ ಕಾಲು ಕೀಳಲಿಲ್ಲ. “ಯಾವಾಗ್ಲಿಂದ?” ಎಂದ.

“ನೀನು ಬೀಳೋಕೆ ಮುಂಚಿಂದ.”

“ಗೊತ್ತಿತ್ತಾ ನಿಂಗೆ, ಅವತ್ತು?”

ಅಣ್ಣಾ ಎಂದೇ ಕರೆದು ಅಭ್ಯಾಸವಿದ್ದವನು ಮೊದಲ ಸಲ ‘ನಿಂಗೆ’ ಎಂದಿದ್ದ.

“ಗೊತ್ತಿತ್ತು.”

“ನಾನೂ ನೋಡ್ಲಿಲ್ಲ ಕಣೋ” ಎಂದೆ ನಾನು ಕೂತಲ್ಲಿಂದ. “ಕಾಲು ಎತ್ತಿ ನೋಡ್ದೇನೇ ಹೆಬ್ಬೆಟ್ಟು ಒತ್ತಿದ್ದೆ.”

ಮೆಹಬೂಬ ನನ್ನನ್ನು ನೋಡಿದ, ಅವನನ್ನು ನೋಡಿದ. “ಒಂದು ವರ್ಷ” ಎಂದ. “ಒಂದು ವರ್ಷ ನಾನು ನಮ್ಮಮ್ಮನ ಹತ್ರ, ನಂದೇ ತಪ್ಪು, ನಂದೇ ತಪ್ಪು ಅಂತ...” ಗೋಡೆಯ ಕಡೆ ತಿರುಗಿಬಿಟ್ಟ.

ನಾನು ಐದನೆಯ ಸಾಲು ಬರೆದೆ. “ಎಡಗೊನೆ, ಗವಿಯಪ್ಪ, ಬೇರಿಲ್ಲ. ಅವನ ಜಾಗಕ್ಕೆ ಹಿಟ್ಟಿನ ಗಿರಣಿಯ ತಿಪ್ಪೇಶ. ಮೂರಕ್ಕೇ ಬೇರು ಬಿಡುತ್ತಾನೆ, ಆದರೆ ಕಿತ್ತುಕೊಳ್ಳಲು ಇಬ್ಬರು ಎಳೆಯಬೇಕು. ದಿನಾ ಅಭ್ಯಾಸ ಮಾಡಿಸತಕ್ಕದ್ದು. ಹೋದ ವರ್ಷದ ವರದಿ ಸುಳ್ಳು, ಬರೆದವಳು ನಾನು.” ಹೆಬ್ಬೆಟ್ಟು ಒತ್ತಿ ಅನಂತಯ್ಯನ ಕೈಗೆ ಕೊಟ್ಟೆ. ಅವನು ಎರಡು ಸಲ ಓದಿದ. “ತಿಪ್ಪೇಶನಾ?” ಎಂದು ಅಳುವವನ ಹಾಗೆ ಕೇಳಿದ. ಅಂಟಿಸಯ್ಯಾ ಎಂದೆ. ಅಂಟಿಸಿದ. ಜನ ಅದರ ಮುಂದೆ ಗುಂಪಾದರು, ಬೈಗುಳ ಶುರುವಾಯಿತು, ಅರ್ಧ ಗವಿಯಪ್ಪನಿಗೆ, ಅರ್ಧ ನನಗೆ. ಹದಿನೇಳು ವರ್ಷದಲ್ಲಿ ಮೊದಲ ಸಲ ನನಗೆ ತಿರುಗಿ ಬೈಯಬೇಕೆನಿಸಲಿಲ್ಲ.

ಗವಿಯಪ್ಪ ಹೊರಡಲು ತಿರುಗಿದ.

“ಎಲ್ಲಿಗೆ?” ಎಂದ ಮೆಹಬೂಬ, ಗೋಡೆಯಿಂದ ಮುಖ ತೆಗೆಯದೆ. “ನಿಲ್ಲು ಅಲ್ಲೇ. ಅರ್ಧ ಮೂತಿ ಬಿಟ್ಟು ಹೋಗೋಕಾಗತ್ತಾ? ಈ ಊರಲ್ಲಿ ಬೋರ್ಡು ಬರೆಯೋಕೆ ಶುರು ಮಾಡಿದಾಗ್ಲಿಂದ ಒಬ್ಬನಾದ್ರೂ ನನ್ನೆದುರು ಅಲ್ಲಾಡದೆ ನಿಂತಿಲ್ಲ. ಎಲ್ಲಾ ಕುಣಿಯೋರೇ. ಯಾರ ಕಿವೀನೂ ಸರಿಯಾಗಿ ಬರೆಯೋಕಾಗಿಲ್ಲ.”

“ಅವನೀಗ ಸಾಲಲ್ಲಿ ಇಲ್ವಲ್ಲಪ್ಪಾ” ಎಂದು ಅನಂತಯ್ಯ ಗೋಂದಿನ ಕೈಯಲ್ಲೇ ಬಾಗಿಲು ತೋರಿಸಿದ.

“ಅದು ನಿಮ್ಮ ಬಾಗಿಲು. ಇದು ನನ್ನ ಗೋಡೆ.”

ಗವಿಯಪ್ಪ ನಿಂತ. ಜನ ಬೈಯುತ್ತಲೇ ಇದ್ದರು, ಬೈದವರು ಒಬ್ಬೊಬ್ಬರಾಗಿ ಊಟಕ್ಕೆ ಹೋದರು, ಬಿಸಿಲು ಗೋಡೆಯ ಮೇಲೆ ಬಂತು. ಮೆಹಬೂಬ ಆಗಾಗ ತಿರುಗಿ ಶತ್ರುವನ್ನು ನೋಡುವ ಹಾಗೆ ಅವನನ್ನು ನೋಡಿ ಬಣ್ಣ ಹಚ್ಚುತ್ತಿದ್ದ. ಕಣ್ಣು ಬಂತು, ಕಿವಿ ಬಂತು. ಗೋಡೆಯಲ್ಲಿ ಹಣೆ, ಕೂದಲು ಇನ್ನೂ ಮೇಲೆ ಬರಬೇಕಿತ್ತು. ಅಲ್ಲಿಗೆ ಮೆಹಬೂಬನ ಬಲಗೈ ಏಳಲಿಲ್ಲ. ಅವನದೇ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಉಳಿದ ನಾಲ್ವರ ಚಿತ್ರಕ್ಕೂ ಹಾಗೇ ಮಾಡಿರಬೇಕು, ಅವನು ಎಡಗೈಯಿಂದ ಬಲ ಮೊಣಕೈಯನ್ನು ಹಿಡಿದು, ಹಲ್ಲು ಕಚ್ಚಿಕೊಂಡು, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತಳ್ಳಿದ.

ಗವಿಯಪ್ಪ ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ ಇರಬೇಕು. ಮೊಣಕೈಗೆ ಕೈ ಕೊಡಲೆಂದು ಒಂದು ಹೆಜ್ಜೆ ಮುಂದಿಟ್ಟ.

“ಅಲ್ಲಾಡ್ಬೇಡ ಅಂದೆ” ಎಂದ ಮೆಹಬೂಬ.

ಗವಿಯಪ್ಪ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಎಲ್ಲಿತ್ತೋ ಅಲ್ಲೇ ಇಟ್ಟು, ನಿಂತ.